ಮೊಳೆಯಕ್ಕನ ಫಾರ್ಮಿಗೆ ಎರಡು ಸಹಿ

ಬೀದಿಗೆ ಕಾವಲು ಇಟ್ಟಾಗ ಮೊದಲು ಜಾಗ ಕಳೆದುಕೊಳ್ಳುವವನು ಕಳ್ಳನಲ್ಲ. ಇದು ನಿಮಗೆ ಗೊತ್ತಿರಬೇಕಾದ ವಿಷಯ. ಗೊತ್ತಿಲ್ಲ ಅನ್ನುವುದಾದರೆ, ನಿಮ್ಮ ಬೀದಿಯಲ್ಲಿ ಗೇಟು ಎದ್ದ ವಾರ ಅಲ್ಲಿಂದ ಯಾರು ಕಾಣೆಯಾದರು ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ಕಳ್ಳನಂತೂ ಅಲ್ಲ. ಕಳೆದುಕೊಳ್ಳುವುದಕ್ಕೆ ಅವನಿಗೆ ಅಲ್ಲಿ ಖಾಯಂ ಜಾಗ ಎಲ್ಲಿತ್ತು?

ಮೊಳೆಯಕ್ಕನಿಗೆ ಇತ್ತು. ಬೀದಿಯ ಬಾಯಲ್ಲೇ, ಮೂಲೆ ಮನೆಯ ಕಾಂಪೌಂಡು ಗೋಡೆ ಒಂದಿಷ್ಟು ಒಳಕ್ಕೆ ತಿರುಗುವಲ್ಲಿ, ಒಂದು ಗೋಣಿಚೀಲ ಹಾಸುವಷ್ಟು ಜಾಗ. ಅದರ ಮೇಲೆ ಮೂರು ಪಾದದ ಕಬ್ಬಿಣದ ಅಚ್ಚು, ಎರಡು ದಬ್ಬಣ, ದಾರಕ್ಕೆ ಹಚ್ಚುವ ಮೇಣದ ಡಬ್ಬಿ, ಹಳೆ ಟಯರಿನ ತುಂಡುಗಳು, ಅಂಚು ಒಡೆದ ಒಂದು ನೀರಿನ ಬಟ್ಟಲು. ಹತ್ತೊಂಬತ್ತು ವರ್ಷದಿಂದ ಆ ಬೀದಿಯ ಚಪ್ಪಲಿಗಳ ಕಿತ್ತ ಉಂಗುಷ್ಠ, ಬಾಯಿಬಿಟ್ಟ ಅಟ್ಟೆ, ಹರಿದ ಬ್ಯಾಗು ಎಲ್ಲವೂ ಅವಳ ಮಡಿಲಿಗೆ ಬಿದ್ದು ಎದ್ದು ಹೋಗಿವೆ. ಕೆಲಸ ಮಾಡುವಾಗ ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಿರುವುದು ಅವಳ ಅಭ್ಯಾಸ. ಹೆಸರು ಬಂದದ್ದು ಅದರಿಂದಲೇ. ಮೊಳೆ ಬಾಯಲ್ಲಿದ್ದಷ್ಟು ಹೊತ್ತು ಯಾರು ಏನು ಕೇಳಿದರೂ 'ಹೂಂ', ಇಲ್ಲವೇ 'ಉಹೂಂ'. 'ಒಂದು ಎದುರು ಮಾತಾಡಲ್ಲ, ಎಂಥ ಒಳ್ಳೆ ಹೆಂಗಸು' ಎಂದು ಬೀದಿಯವರು ಮೆಚ್ಚುತ್ತಿದ್ದರು. ಅವಳ ಹತ್ತಿರ ಎದುರು ಮಾತು ಮೂಟೆಗಟ್ಟಲೆ ಇತ್ತು. ಹೊರಗೆ ಬರಲು ದಾರಿ ಇರಲಿಲ್ಲ, ಅಷ್ಟೆ.

ಇನ್ನೊಂದು ಸಂಗತಿ ಹೇಳಬೇಕು. ಮೊಳೆಯಕ್ಕ ಜನರ ಮುಖ ನೋಡುವವಳಲ್ಲ. ಮುಖ ನೋಡುತ್ತ ಕೂತರೆ ದಬ್ಬಣ ಬೆರಳಿಗೆ ಇಳಿಯುತ್ತದೆ. ಅವಳ ಪಾಲಿಗೆ ಆ ಬೀದಿ ಎಂದರೆ ಮೊಣಕಾಲಿನಿಂದ ಕೆಳಗೆ. ಟೀಚರಮ್ಮನ ಹಿಮ್ಮಡಿ ಸದಾ ಹೊರಬದಿಗೆ ಸವೆಯುತ್ತದೆ. ಬಟ್ಟೆ ಅಂಗಡಿಯವರು ಹೆಬ್ಬೆರಳಿನಿಂದ ಅಟ್ಟೆಯನ್ನು ಒತ್ತಿ ಒತ್ತಿ ತೂತು ಮಾಡುತ್ತಾರೆ. ನಿವಾಸಿಗಳ ಸಂಘದ ಅಧ್ಯಕ್ಷರಿಗೆ ಎಡಗಾಲಿನ ಹೆಬ್ಬೆರಳ ಬುಡದಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು. ಅವರು ಯಾವ ಹೊಸ ಬೂಟು ತಂದರೂ ಆ ಜಾಗಕ್ಕೆ ಒಳಗಿನಿಂದ ಮೆತ್ತನೆಯ ಚರ್ಮದ ತುಂಡೊಂದನ್ನು ಇಟ್ಟು ಹೊಲಿಯುವವಳು ಮೊಳೆಯಕ್ಕ.

"ಮುಖ ಸುಳ್ಳು ಹೇಳುತ್ತೆ ಕಣೆ, ಅಟ್ಟೆ ಹೇಳಲ್ಲ" ಎಂದು ಅವಳು ಮನೆಯಲ್ಲಿ ಒಮ್ಮೆ ಅಂದದ್ದಕ್ಕೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುವ ಮಗಳು ಹೇಳಿದ್ದಳು: "ಹಾಗಾದ್ರೆ ನನ್ನ ನೋಡೋಕೆ ಗಂಡು ಬರೋದೇ ಬೇಡ ಬಿಡಮ್ಮ. ಚಪ್ಪಲಿ ಕಳಿಸಿಕೊಡಿ ಅಂತ ಹೇಳು, ನೀನೇ ನೋಡಿ ಒಪ್ಪಿಕೋ."

ಹೀಗಿರುವಾಗ ಒಂದು ದಿನ ಸಂಜೆ ನಾಲ್ಕು ಗಂಟೆಗೆ, ಬಿಸಿಲು ಇನ್ನೂ ಇರುವಾಗಲೇ, ಶಾಲೆಯಿಂದ ಬರುತ್ತಿದ್ದ ಟೀಚರಮ್ಮನ ಹೆಗಲ ಬ್ಯಾಗಿಗೆ ಬೈಕಿನಲ್ಲಿ ಬಂದ ಇಬ್ಬರು ಕೈ ಹಾಕಿದರು. ಎಳೆದರು. ಬಾರು ಕೀಳಲಿಲ್ಲ. ಮೂರು ದಿನದ ಹಿಂದಷ್ಟೇ ಮೊಳೆಯಕ್ಕ ಅದಕ್ಕೆ ಎರಡೆಳೆ ಮೇಣದ ದಾರದ ಹೊಲಿಗೆ ಹಾಕಿದ್ದಳು. ಟೀಚರಮ್ಮ ಆರು ಹೆಜ್ಜೆ ಬೈಕಿನ ಹಿಂದೆ ಓಡಿದರು, ಬಿದ್ದರು, ಬೈಕು ಓಲಾಡಿತು, ಹಿಂದೆ ಕೂತವನು ಬ್ಯಾಗು ಬಿಟ್ಟ. ಮೊಳೆಯಕ್ಕ ಮೊಳೆಗಳನ್ನು ಉಗಿದು ಕೈಗೆ ಸಿಕ್ಕ ಸುತ್ತಿಗೆಯನ್ನು ಬೀಸಿ ಒಗೆದಳು. ಅದು ಕಳ್ಳರನ್ನು ಬಿಟ್ಟು ಮೂಲೆ ಮನೆಯ ಹೂವಿನ ಕುಂಡಕ್ಕೆ ಬಡಿಯಿತು. ಕುಂಡ ಎರಡು ಹೋಳಾಯಿತು.

ಹೀಗಾಗಿ ಆ ಇಡೀ ಅಪರಾಧದಲ್ಲಿ ಹಾಳಾದ ಆಸ್ತಿ ಎಂದರೆ ಒಂದು ಹೂಕುಂಡ. ಹಾಳು ಮಾಡಿದವಳು ಮೊಳೆಯಕ್ಕ.

ಪೊಲೀಸಿನವರು ಬಂದು ಕೇಳಿದರು: "ಮುಖ ನೋಡಿದ್ಯೇನಮ್ಮ?"

"ಮುಖ ನೋಡ್ಲಿಲ್ಲ ಸಾರ್. ಹಿಂದೆ ಕೂತಿದ್ದವನ ಎಡಗಾಲಿನ ಬೂಟಿಗೆ ಬಿಳಿ ಲೇಸು, ಬಲಗಾಲಿಂದಕ್ಕೆ ಕಪ್ಪು ಲೇಸು. ಎರಡೂ ಅಟ್ಟೆ ಒಳಬದಿಗೆ ಸವೆದಿದೆ. ಮಂಡಿ ಒಳಕ್ಕೆ ತಿರುಗಿರೋ ಮನುಷ್ಯ. ಓಡೋಕೆ ಆಗಲ್ಲ ಅವನ ಕೈಲಿ, ಅದಕ್ಕೇ ಬೈಕು."

ಪೊಲೀಸಿನವರು ಪುಸ್ತಕ ಮುಚ್ಚಿದರು. "ಬೂಟಿನ ಮೇಲೆ ಕೇಸು ಹಾಕೋಕಾಗುತ್ತೇನಮ್ಮ?"

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರೆ. ಇಲ್ಲಿ ಕೊಳ್ಳೆಯೂ ಹೋಗಿರಲಿಲ್ಲ. ಆದರೂ ಮುಂದಿನ ಭಾನುವಾರ ಬೆಳಿಗ್ಗೆ ಬೀದಿಯ ದೊಡ್ಡ ಕಟ್ಟಡದ ಕಾರು ನಿಲ್ಲಿಸುವ ನೆಲಮಾಳಿಗೆಯಲ್ಲಿ ಸಭೆ ಸೇರಿತು. ಸಂಬಳ ಕೊಟ್ಟು ಕಾವಲುಗಾರನನ್ನು ಇಡಬೇಕೋ ಬೇಡವೋ ಎಂಬುದು ವಿಷಯ. ಅಧ್ಯಕ್ಷರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಅಂಗಿಯ ಜೇಬಿನಲ್ಲಿ ಪೆನ್ನು ಇಲ್ಲದೆ ಬಂದಾರು, ಅಳತೆ ಟೇಪು ಇಲ್ಲದೆ ಬರುವುದಿಲ್ಲ. ಮೊಳೆಯಕ್ಕನನ್ನು ಸಾಕ್ಷಿಯೆಂದು ಕರೆಸಿದ್ದರು. ಕುರ್ಚಿ ಕೊಡಲಿಲ್ಲ. ಬದಲಿಗೆ ಯಾರೋ, ಹೇಗೂ ಬಂದಿದ್ದೀಯಲ್ಲ ಎಂದು ಹಿಮ್ಮಡಿ ಸಡಿಲವಾದ ಚಪ್ಪಲಿಯೊಂದನ್ನು ಕೈಗೆ ಕೊಟ್ಟರು. ಅವಳು ಕಂಬಕ್ಕೆ ಒರಗಿ ಕೂತು, ಎಂದಿನಂತೆ ನಾಲ್ಕು ಮೊಳೆ ಬಾಯಿಗೆ ಹಾಕಿಕೊಂಡಳು.

ಮೊದಲ ಮುಕ್ಕಾಲು ಗಂಟೆ ಕಾವಲುಗಾರ ಎಷ್ಟು ಎತ್ತರ ಇರಬೇಕು ಎಂಬುದಕ್ಕೆ ಹೋಯಿತು. ಆಮೇಲೆ ಸೀಟಿ. ಸೀಟಿ ಬೇಕು ಎಂದರು ಬಟ್ಟೆ ಅಂಗಡಿಯವರು. ಮಧ್ಯಾಹ್ನ ಕಣ್ಣು ಮುಚ್ಚುವ ಹೊತ್ತಿಗೆ ಸೀಟಿ ಊದಿದರೆ ಏನು ಗತಿ ಎಂದರು ಅಧ್ಯಕ್ಷರು. ಎರಡು ಕಡೆಯವರನ್ನೂ ಸಮಾಧಾನ ಮಾಡಿದವರು ಅದೇ ಬೀದಿಯಲ್ಲಿರುವ ವಕೀಲರು: ಕಾವಲುಗಾರನ ಕೊರಳಲ್ಲಿ ಸೀಟಿ ಇರತಕ್ಕದ್ದು, ಊದುವ ಮುನ್ನ ಸಂಘದಿಂದ ಲಿಖಿತ ಅನುಮತಿ ಪಡೆಯತಕ್ಕದ್ದು. ಚಪ್ಪಾಳೆ ಬಿತ್ತು. ಇವರು ಓದಿದವರು, ಮಕ್ಕಳಿಗೆ ಬುದ್ಧಿ ಹೇಳುವವರು!

ಆಮೇಲೆ ಮಾತು ಘಟನೆಯ ಕಡೆ ತಿರುಗಿತು.

"ನಾನೊಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದರು ಬಟ್ಟೆ ಅಂಗಡಿಯವರು. "ಬಾರು ಅಷ್ಟು ಗಟ್ಟಿ ಇದ್ದದ್ದೇ ತಪ್ಪು. ಕಿತ್ತು ಹೋಗಿದ್ರೆ ಟೀಚರಮ್ಮ ಬೀಳ್ತಾನೇ ಇರ್ಲಿಲ್ಲ."

"ಅಯ್ಯೋ, ಬ್ಯಾಗು ಉಳೀತಲ್ಲಣ್ಣ!" ಎಂದರು ಟೀಚರಮ್ಮ.

"ಮೊಣಕೈ ಹೋಯ್ತಲ್ಲಮ್ಮ."

"ಅಂದ್ರೆ ಹೊಲಿಗೆ ಅಳತೆ ಮೀರಿತ್ತು ಅಂತಾಯ್ತು" ಎಂದು ಅಧ್ಯಕ್ಷರು ಬರೆದುಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಈ ಸಭೆಯಲ್ಲಿ ಎಮ್ಮೆಯ ಕೈಗೆ ಚಪ್ಪಲಿಯನ್ನೂ ಕೊಟ್ಟು ಕೂರಿಸಿದ್ದರು.

ಕಾವಲು ಕಂಪನಿಯಿಂದ ಬಂದಿದ್ದ ಟೈ ಕಟ್ಟಿದ ಮನುಷ್ಯ ಆಗ ಎದ್ದು ನಿಂತು, "ಸಾರ್, ಕಾವಲು ಅಂದ್ರೆ ಬೇರೇನೂ ಅಲ್ಲ. ಒಳಗೆ ಯಾವುದು, ಹೊರಗೆ ಯಾವುದು ಅಂತ ಮೊದಲು ತೀರ್ಮಾನ ಮಾಡ್ಬೇಕು" ಎಂದ. ಸಭೆ ಮೇಲೆದ್ದು ಬೀದಿಯ ಬಾಯಿಗೆ ಹೋಯಿತು. ಅಧ್ಯಕ್ಷರು ಟೇಪು ಹಿಡಿದು ಈ ಗೋಡೆಯಿಂದ ಆ ಗೋಡೆಗೆ ಮೂರು ಸಲ ಅಳೆದರು. ಗೇಟಿನ ಎಡಗಂಬ ಬೀಳುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಗುರುತು ಬಿದ್ದದ್ದು ಗೋಣಿಚೀಲದ ನಟ್ಟನಡುವೆ.

"ನಿನಗೇನೂ ಆಕ್ಷೇಪಣೆ ಇಲ್ವಲ್ಲಮ್ಮ?" ಎಂದು ಅಧ್ಯಕ್ಷರು ತಿರುಗಿ ಕೇಳಿದರು.

ಮೊಳೆಯಕ್ಕ ಬಾಯಿಂದ ಮೊದಲ ಮೊಳೆ ತೆಗೆದಳು. ಎರಡನೆಯದು ತೆಗೆದಳು. ಮೂರನೆಯದು ಬರುವಷ್ಟರಲ್ಲಿ ಅಧ್ಯಕ್ಷರು 'ಆಕ್ಷೇಪಣೆ ಇಲ್ಲ' ಎಂದು ಬರೆದು ಕೆಳಗೆ ಗೆರೆ ಎಳೆದಾಗಿತ್ತು. ನಾಲ್ಕನೆಯದು ಕೈಗೆ ಬಂದಾಗ ವಕೀಲರು ವಂದನಾರ್ಪಣೆ ಮಾಡುತ್ತಿದ್ದರು.

ಅವಳ ಜಾಗ ಹೋಯಿತು ಎಂದು ಯಾರೂ ಹೇಳಲಿಲ್ಲ, ನೋಡಿ. ಅಷ್ಟು ಒರಟು ಜನ ಅಲ್ಲ ಅವರು. ಕೊಟ್ಟದ್ದು ಒಂದು ಫಾರ್ಮು. ಹೊರಗಿನವರು ಬೀದಿಯ ಒಳಗೆ ಕೂತು ಕೆಲಸ ಮಾಡಬೇಕಾದರೆ ಪಾಸು ಬೇಕು, ಪಾಸಿಗೆ ಇಬ್ಬರು ನಿವಾಸಿಗಳ ಸಹಿ ಬೇಕು. 'ಈ ವ್ಯಕ್ತಿಯನ್ನು ನಾನು ಖುದ್ದಾಗಿ ಬಲ್ಲೆ, ಇವರ ನಡತೆಗೆ ನಾನು ಹೊಣೆ' ಎಂದು ಅಚ್ಚಾಗಿತ್ತು, ಕೆಳಗೆ ಎರಡು ಖಾಲಿ ಗೆರೆ. ಗಡುವು ಒಂದು ತಿಂಗಳು. ಅಲ್ಲಿಯವರೆಗೆ ಗೇಟಿನ ಆಚೆ, ಚರಂಡಿಯ ಚಪ್ಪಡಿಯ ಮೇಲೆ ಕೂರಬಹುದು. ಗಡುವು ಮುಗಿಯುವ ಶುಕ್ರವಾರ, ಚಪ್ಪಡಿಯ ಮೇಲೆ ಕೂತವರನ್ನೆಲ್ಲ ಎಬ್ಬಿಸುವ ನಗರಸಭೆಯ ಗಾಡಿ ಬರುತ್ತದೆ. ಒಳಗೂ ಇಲ್ಲ, ಹೊರಗೂ ಇಲ್ಲ ಎಂದರೆ ಅವಳ ಕೆಲಸ ಮುಗಿಯಿತು. ಬೇರೆ ಬೀದಿಗೆ ಹೋಗು ಅನ್ನುತ್ತೀರಾ? ಬೇರೆ ಬೀದಿಗಳಲ್ಲಿ ಗೇಟು ಆಗಲೇ ಇದೆ.

ಎರಡು ಸಹಿ ತಾನೇ, ಒಂದು ಮಧ್ಯಾಹ್ನದ ಕೆಲಸ ಎಂದುಕೊಂಡು ಮೊಳೆಯಕ್ಕ ಮನೆ ಮನೆ ಹತ್ತಿದಳು.

"ನಿನ್ನ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ ಕಣಮ್ಮ" ಎಂದರು ಬಟ್ಟೆ ಅಂಗಡಿಯವರು, "ಸಹಿ ಮೇಲೆ ನಂಬಿಕೆ ಇಲ್ಲ."

"ಸಹಿ ಯಾಕೆ ಹಾಕಬಾರದು ಅಂತ ಕಲಿಯೋಕೇ ನಾನು ಐದು ವರ್ಷ ಓದಿದ್ದು" ಎಂದರು ವಕೀಲರು.

ಟೀಚರಮ್ಮ ಅವಳ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು. "ನೀನಿಲ್ದೆ ಹೋಗಿದ್ರೆ ಆವತ್ತು ನನ್ನ ಗತಿ ಏನು! ಇರು, ನಮ್ಮ ಯಜಮಾನ್ರನ್ನ ಒಂದು ಮಾತು ಕೇಳ್ತೀನಿ." ಒಳಗಿನಿಂದ ಯಜಮಾನರ ದನಿ ಬಂತು: "ಮನೆ ನಿನ್ನ ಹೆಸರಲ್ಲಿದೆ, ನನ್ನ ಯಾಕೆ ಕೇಳ್ತೀಯ?" ಟೀಚರಮ್ಮ ಹೇಳಿದರು: "ನೋಡಿದ್ಯಾ, ಅವರು ಒಪ್ಪಲ್ಲ."

ಆದರೆ ಬಂದವಳನ್ನು ಯಾರೂ ಬರಿಗೈಯಲ್ಲಿ ಕಳಿಸಲಿಲ್ಲ. ಸಂಜೆ ಅವಳು ಮನೆಗೆ ಹೊತ್ತು ತಂದದ್ದು ಒಂದು ಖಾಲಿ ಫಾರ್ಮು, ರಿಪೇರಿಗೆ ಏಳು ಜೊತೆ ಚಪ್ಪಲಿ.

ಮಗಳು ಫಾರ್ಮನ್ನು ತಿರುಗಿಸಿ ಮುರುಗಿಸಿ ನೋಡಿದಳು. ಒಂದೇ ಕೋಣೆಯ ಮನೆ. ಹಾಸಿಗೆಯ ಪಕ್ಕ ಒಲೆ, ಒಲೆಯ ಪಕ್ಕ ಏಳು ಜೊತೆ ಚಪ್ಪಲಿ. "ಇವನ್ನ ವಾಪಸ್ ಕೊಡಬೇಡ. ಬರಿಗಾಲಲ್ಲಿ ಬಂದು ಸಹಿ ಹಾಕ್ತಾರೆ."

"ಹಾಗೆಲ್ಲ ಮಾಡಬಾರದು ಕಣೆ. ನಾಳೆ ಶಾಲೆಗೆ ಹೋಗೋ ಮಗೂದೂ ಒಂದಿದೆ ಅದರಲ್ಲಿ."

"ನಿನ್ನ ಒಳ್ಳೆಯತನಕ್ಕೆ ಹೊಣೆ ಯಾರು ಅಂತ ಕೇಳಿದ್ದಾರಲ್ಲಮ್ಮ, ಅದಕ್ಕೆ ನಾನೇ ಸಹಿ ಹಾಕ್ತೀನಿ ಕೊಡು. ಇಪ್ಪತ್ತು ವರ್ಷದಿಂದ ಅನುಭವಿಸ್ತಾ ಇದ್ದೀನಿ."

"ನೀನು ನಿವಾಸಿ ಅಲ್ವಲ್ಲ."

"ಮತ್ತೆ ನಾವೆಲ್ಲ ಎಲ್ಲಿ ವಾಸ ಮಾಡ್ತಾ ಇದ್ದೀವಿ?" ಎಂದು ಮಗಳು ಕೇಳಿದಳು. ತಾಯಿಯ ಬಾಯಲ್ಲಿ ಆಗಲೇ ಮೊಳೆ ಇತ್ತು.

ಗೇಟು ಎದ್ದಿತು. ಕಾವಲುಗಾರ ಬಂದ. ಸಭೆ ಗೊತ್ತು ಮಾಡಿದ್ದ ಎತ್ತರ ಅವನಿಗಿರಲಿಲ್ಲ, ಆ ಎತ್ತರದವನಿಗೆ ಹೊಲಿಸಿದ್ದ ಸಮವಸ್ತ್ರ ಮಾತ್ರ ಇತ್ತು. ಪಾಪದ ಮನುಷ್ಯ, ಕೆಲಸ ಉಳಿಸಿಕೊಳ್ಳಬೇಕು. "ಕಾರ್ಡ್ ಇಲ್ದೆ ನಿಮ್ಮಪ್ಪ ಬಂದ್ರೂ ಬಿಡಬೇಡ ಅಂದಿದ್ದಾರೆ" ಎಂದು ಮೊದಲ ದಿನವೇ ಎಲ್ಲರಿಗೂ ಹೇಳಿಬಿಟ್ಟ. ಆದರೆ ಕಾರ್ಡುಗಳು ಎಲ್ಲಿ? ಫೋಟೋ ಎಷ್ಟು ಅಗಲ ಇರಬೇಕು ಎಂಬುದನ್ನು ಅಳೆಯಬೇಕಾದ ಅಧ್ಯಕ್ಷರು ಕಣ್ಣಿನ ಆಪರೇಷನ್ನಿಗೆಂದು ಮಗಳ ಊರಿಗೆ ಹೋಗಿದ್ದರು. ಅವರು ಬರುವ ತನಕ ವಕೀಲರು ಒಂದು ದಾರಿ ಬರೆದುಕೊಟ್ಟರು: ಕಾರ್ಡು ಇಲ್ಲದ ನಿವಾಸಿಯನ್ನು ಇನ್ನೊಬ್ಬ ನಿವಾಸಿ ಗುರುತಿಸಿದರೆ ಸಾಕು.

ಅನಾಹುತ ಆದದ್ದು ಇಲ್ಲೇ. ಯಾರಿಗೂ ಯಾರೂ ಗೊತ್ತಿರಲಿಲ್ಲ.

ಸಂಜೆ ಆರು ಗಂಟೆಗೆ ಕೆಲಸದಿಂದ ಬಂದವರೆಲ್ಲ ಗೇಟಿನ ಮುಂದೆ ಸಾಲುಗಟ್ಟಿ ನಿಂತು ಒಬ್ಬರನ್ನೊಬ್ಬರು ಮಿಕಿಮಿಕಿ ನೋಡಿದರು. ಎದುರುಬದುರು ಬಾಗಿಲಿನಲ್ಲಿ ಎಂಟು ವರ್ಷದಿಂದ ಇರುವ ಇಬ್ಬರಲ್ಲಿ ಒಬ್ಬರು ಹೇಳಿದರು: "ಇವರನ್ನ ಎಲ್ಲೋ ನೋಡಿದ ಹಾಗಿದೆ. ಲಿಫ್ಟಲ್ಲೋ ಟೀವಿಯಲ್ಲೋ ಗೊತ್ತಾಗ್ತಾ ಇಲ್ಲ." ಹಾಲಿನ ಪ್ಯಾಕೆಟ್ಟು ಹಿಡಿದಿದ್ದ ಅಜ್ಜಿಯೊಬ್ಬರು ಕೊನೆಗೆ ಕೂಗಿದರು: "ಅಯ್ಯೋ, ಮೊಳೆಯಕ್ಕನ್ನ ಕೇಳ್ರಪ್ಪ!"

ಮೊಳೆಯಕ್ಕ ಚಪ್ಪಡಿಯ ಮೇಲಿಂದ ತಲೆ ಎತ್ತಲಿಲ್ಲ. ಕಾಲುಗಳ ಸಾಲನ್ನು ಒಮ್ಮೆ ನೋಡಿದಳು. ಒಂದೊಂದೇ ಜೊತೆಗೆ ದಬ್ಬಣ ತೋರಿಸಿದಳು. "ಇದು ಮೂರನೇ ಮನೆ. ಇದು ದೊಡ್ಡ ಕಟ್ಟಡ, ಎರಡನೇ ಮಹಡಿ, ಮೆಟ್ಟಿಲಲ್ಲಿ ಓಡ್ತಾರೆ. ಇದು ಹಸಿರು ಬಾಗಿಲಿನ ಮನೆ ಅಳಿಯ, ಅತ್ತೆ ಮನೇಲಿದ್ದರೆ ಹಿಮ್ಮಡಿ ಎತ್ತಿ ನಡೀತಾರೆ. ಬಿಡಣ್ಣ ಎಲ್ಲರನ್ನೂ."

ಆವತ್ತಿನಿಂದ ಅದೇ ಪದ್ಧತಿಯಾಯಿತು. ಹೊರಗಿನವಳು ಎಂದು ಹೊರಗೆ ಹಾಕಿದವಳು ಹೂಂ ಅಂದರೆ ಮಾತ್ರ ಒಳಗಿನವರು ಒಳಗೆ. ಅದನ್ನು ವಿಚಿತ್ರ ಅಂದವರು ಆ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಕಾವಲುಗಾರ ಬಿಸಿಲಿಗೆ ಸಾಕಾಗಿ ಅವಳ ಗೋಣಿಚೀಲದ ತುದಿಯಲ್ಲೇ ಕೂರತೊಡಗಿದ.

ಒಂದು ಮಧ್ಯಾಹ್ನ ಬೈಕೊಂದು ಗೇಟಿನ ಹತ್ತಿರ ನಿಧಾನಿಸಿತು. ಹಿಂದೆ ಕೂತವನ ಒಂದು ಬೂಟಿಗೆ ಬಿಳಿ ಲೇಸು, ಇನ್ನೊಂದಕ್ಕೆ ಕಪ್ಪು. ಮೊಳೆಯಕ್ಕ ಕಾವಲುಗಾರನ ಪಕ್ಕೆಗೆ ತಿವಿದಳು. ಅವನು ಸೀಟಿ ಬಾಯಿಗೆ ಇಟ್ಟವನು ಹಾಗೇ ತೆಗೆದ. "ಅಕ್ಕ, ಅನುಮತಿ ಪತ್ರ ಬೇಕು. ನಿನ್ನ ಹತ್ರ ಬಿಳಿ ಹಾಳೆ ಇದ್ಯಾ?"

ಮೊಳೆಯಕ್ಕ ಮೊಳೆ ಉಗಿದು ಎದ್ದು ನಿಂತು ಬಾಯಿ ಬಿಟ್ಟಳು. ಹತ್ತೊಂಬತ್ತು ವರ್ಷದಲ್ಲಿ ಆ ಬೀದಿ ಆ ದನಿ ಕೇಳಿರಲಿಲ್ಲ. ಬೈಕು ತಿರುಗಿದ್ದೇ ತಡ, ಮತ್ತೆ ಕಾಣಲಿಲ್ಲ. ಸಂಜೆ ಸಂಘದ ಪುಸ್ತಕದಲ್ಲಿ ವಕೀಲರು ನಮೂದಿಸಿದರು: 'ವಿಶ್ರಾಂತಿಯ ವೇಳೆಯಲ್ಲಿ ಹೊರಗಿನ ಮಹಿಳೆಯಿಂದ ಕೂಗಾಟ.'

ಗಡುವಿಗೆ ಎರಡು ದಿನ ಉಳಿದಾಗ, ಬುಧವಾರ ಸಂಜೆ, ಅಧ್ಯಕ್ಷರು ವಾಪಸ್ ಬಂದರು. ಕಣ್ಣಿಗೆ ಅರ್ಧ ಮುಖ ಮುಚ್ಚುವ ಕಪ್ಪು ಕನ್ನಡಕ, ತಲೆಗೆ ಟೋಪಿ, ಕಾಲಿಗೆ ಮಗಳು ಕೊಡಿಸಿದ ಹೊಚ್ಚ ಹೊಸ ಕಂದು ಬೂಟು.

"ಕಾರ್ಡು ತೋರಿಸಿ ಸಾರ್" ಎಂದ ಕಾವಲುಗಾರ.

"ಏಯ್, ನಾನು ಅಧ್ಯಕ್ಷ ಕಣಯ್ಯ!"

"ಎಲ್ಲರೂ ಹಾಗೇ ಅಂತಾರೆ ಸಾರ್. ನಿನ್ನೆ ಒಬ್ಬರು ಖಜಾಂಚಿ ಅಂದ್ರು."

"ಈ ನಿಯಮ ಮಾಡಿದ್ದೇ ನಾನು!"

"ಹಾಗಾದ್ರೆ ನಿಮಗೆ ನಿಯಮ ಗೊತ್ತಿರುತ್ತೆ. ಪಕ್ಕಕ್ಕೆ ನಿಂತ್ಕೊಳ್ಳಿ."

ವಕೀಲರು ಅದೇ ಹೊತ್ತಿಗೆ ಬಂದರು. ಅಧ್ಯಕ್ಷರು ಅವರ ತೋಳು ಹಿಡಿದುಕೊಂಡರು. ವಕೀಲರು ಕನ್ನಡಕವನ್ನು ನೋಡಿದರು, ಟೋಪಿಯನ್ನು ನೋಡಿದರು. "ದನಿ ಅವರದೇ ಇರಬಹುದು. ಆದ್ರೆ ಖುದ್ದಾಗಿ ಬಲ್ಲೆ ಅಂತ ಬರೆದುಕೊಡೋದು ಸ್ವಲ್ಪ ಕಷ್ಟ" ಎಂದು ತೋಳು ಬಿಡಿಸಿಕೊಂಡು, ಮೊಳೆಯಕ್ಕನ ಒಂದು 'ಹೂಂ' ಪಡೆದು ಒಳಗೆ ಹೋದರು.

ಕಾವಲುಗಾರ ಕೇಳಿದ: "ಅಕ್ಕ, ಇವರು?"

ಮೊಳೆಯಕ್ಕ ಬೂಟು ನೋಡಿದಳು. ಕಂಡರಿಯದ ಬೂಟು. ಅಟ್ಟೆ ಸವೆದಿಲ್ಲ, ಮಡಿಕೆ ಬಿದ್ದಿಲ್ಲ, ಏನೂ ಹೇಳುತ್ತಿಲ್ಲ. ದನಿ ಗೊತ್ತಿತ್ತು, ಹೌದು. ಸೀಮೆಸುಣ್ಣದ ಗುರುತು ಹಾಕಿ 'ಇಲ್ವಲ್ಲಮ್ಮ' ಅಂದ ದನಿ. ಬಾಯಲ್ಲಿ ನಾಲ್ಕು ಮೊಳೆ ಇತ್ತು. 'ಉಹೂಂ' ಅಂದರೆ ಸಾಕಿತ್ತು, ಅದಕ್ಕೆ ಮೊಳೆ ತೆಗೆಯುವ ಕೆಲಸವೂ ಇರಲಿಲ್ಲ. ಬರಿಗಾಲಲ್ಲಿ ಬರಲಿ ಅಂದಿದ್ದ ಮಗಳ ಮಾತೂ ನೆನಪಾಯಿತು.

ಮೊದಲ ಮೊಳೆ ತೆಗೆದಳು. ಅಧ್ಯಕ್ಷರು ಕಾದರು. ಎರಡನೆಯದು ತೆಗೆದಳು. ಮೂರನೆಯದು. ಈ ಸಲ ನಾಲ್ಕನೆಯ ಮೊಳೆ ಹೊರಗೆ ಬರುವ ತನಕ ಅವರು ಏನೂ ಬರೆದುಕೊಳ್ಳದೆ ನಿಂತಿದ್ದರು.

"ಎಡಗಾಲಿನ ಬೂಟು ಬಿಚ್ಚಿ ಸಾರ್. ಕಾಲುಚೀಲಾನೂ."

ನಡುಬೀದಿಯಲ್ಲಿ, ಗೇಟಿನ ಕಂಬ ಹಿಡಿದುಕೊಂಡು, ಒಂಟಿಕಾಲಲ್ಲಿ ನಿಂತು ಅಧ್ಯಕ್ಷರು ಬಿಚ್ಚಿದರು. ಸಾಲಿನಲ್ಲಿದ್ದವರೆಲ್ಲ ಬಗ್ಗಿ ನೋಡಿದರು. ಹೆಬ್ಬೆರಳ ಬುಡದಲ್ಲಿ ನೆಲ್ಲಿಕಾಯಿಯಂಥ ಗಂಟು, ಹೊಸ ಬೂಟು ಉಜ್ಜಿ ಕೆಂಪಾಗಿತ್ತು.

"ಹೂಂ. ಈ ಗಂಟು ನನಗೆ ಗೊತ್ತು. ಅಧ್ಯಕ್ಷರೇ. ಬಿಡಣ್ಣ" ಎಂದಳು ಮೊಳೆಯಕ್ಕ. "ಆ ಬೂಟು ಇಲ್ಲಿ ಕೊಡಿ ಸಾರ್, ಮೆತ್ತೆ ಇಡ್ತೀನಿ. ಇಲ್ದಿದ್ರೆ ನಾಳೆ ಕುಂಟ್ತೀರಿ."

ಮೆತ್ತೆ ಇಟ್ಟು ಹೊಲಿದಳು. ಕೊಡುವಾಗ ಬೂಟಿನ ಜೊತೆ ಮೇಣದ ಡಬ್ಬಿಯ ಕೆಳಗಿದ್ದ ಫಾರ್ಮನ್ನೂ ಕೊಟ್ಟಳು. ಅಧ್ಯಕ್ಷರು ಬೂಟು ಹಾಕಿಕೊಂಡು, ನಾಲ್ಕು ಹೆಜ್ಜೆ ನಡೆದು, ಹಿತವಾಗಿದೆ ಎಂದು ತಲೆ ಆಡಿಸಿ, ಕಾವಲುಗಾರನ ಪೆನ್ನು ತೆಗೆದುಕೊಂಡರು. ಫಾರ್ಮು ಓದಿದರು. ಪೆನ್ನು ಗೆರೆಯ ಮೇಲೆ ಬಂದು ನಿಂತಿತು.

"ಖುದ್ದಾಗಿ ಬಲ್ಲೆ ಅಂತ ಇದೆಯಲ್ಲಮ್ಮ. ನಿನ್ನ ಮನೆ ಎಲ್ಲಿ ಅಂತಾನೂ ನನಗೆ ಗೊತ್ತಿಲ್ಲ. ಸುಳ್ಳು ಬರೆಯೋದು ಹೇಗೆ?"

"ನಿಮ್ಮ ಮನೆ ಒಳಗೆ ನಾನೂ ಬಂದಿಲ್ಲ ಸಾರ್" ಎಂದಳು ಮೊಳೆಯಕ್ಕ. "ಆದ್ರೂ ಈಗ ನೀವು ಅಲ್ಲಿಗೇ ಹೋಗ್ತಾ ಇದ್ದೀರಿ."

ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿದರು. ಪೆನ್ನನ್ನು ಕಾವಲುಗಾರನಿಗೆ ಕೊಟ್ಟರು, ಫಾರ್ಮನ್ನು ಅವಳಿಗೆ ಕೊಟ್ಟರು, ಒಳಗೆ ಹೋದರು. ಹೊಳೆ ದಾಟಿದ ಮೇಲೆ ಅಂಬಿಗನಿಗೆ ಏನು ಕೊಡುತ್ತಾರೋ ಅದನ್ನೇ ಅವಳಿಗೂ ಕೊಟ್ಟಿದ್ದರು. ಗುರುವಾರ ಸಂಘ ತುರ್ತಾಗಿ ಸೇರಿ, ನಿವಾಸಿಗಳನ್ನು ಗುರುತಿಸಿಕೊಟ್ಟ ಮಹಿಳೆಗೆ ಸರ್ವಾನುಮತದಿಂದ ಕೃತಜ್ಞತೆ ಸಲ್ಲಿಸಿತು. ಪಾಸಿನ ನಿಯಮ ಸಡಿಲಿಸುವ ಮಾತು ಬಂದಾಗ ವಕೀಲರು ಹೇಳಿದರು: ಒಬ್ಬರಿಗೆ ಸಡಿಲಿಸಿದರೆ ಕಾವಲಿಗೆ ಅರ್ಥವೇನು?

ನಾಳೆ ಶುಕ್ರವಾರ. ಗಾಡಿ ಬರುತ್ತದೆ. ಫಾರ್ಮು ಮೇಣದ ಡಬ್ಬಿಯ ಕೆಳಗೆ ನಾಲ್ಕು ಮಡಿಕೆಯಾಗಿ ಕೂತಿದೆ, ಎರಡು ಗೆರೆ ಖಾಲಿ.

ಈಗ ನೀವು. ಈ ಬೀದಿ ನಿಮ್ಮದಲ್ಲ ಎಂದು ಪುಟ ಮಗುಚಬೇಡಿ. ನಿಮ್ಮ ಬೀದಿಯ ಬಾಯಲ್ಲೂ ಒಬ್ಬರು ಕೂತಿದ್ದಾರೆ, ನಿಮ್ಮ ಕಾಲು ಅವರಿಗೆ ಗೊತ್ತು. ನಾಳೆ ಬೆಳಿಗ್ಗೆ ಗಾಡಿ ಬರುವ ಮುಂಚೆ ಅಲ್ಲಿಗೆ ಹೋಗಿ, ಪಕ್ಕದ ಮನೆಯವರನ್ನೂ ಎಬ್ಬಿಸಿಕೊಂಡು ಹೋಗಿ. ಅವರು ಬಾಯಿಂದ ನಾಲ್ಕನೆಯ ಮೊಳೆ ತೆಗೆಯುವ ತನಕ ಕಾಯಿರಿ. ಹೇಳುವುದನ್ನು ಪೂರ್ತಿ ಕೇಳಿ. ಆಮೇಲೆ ಫಾರ್ಮು ಇಸಿದುಕೊಂಡು ಸಹಿ ಹಾಕಿ. ಕಿತ್ತ ಚಪ್ಪಲಿ ಕೈಯಲ್ಲಿದ್ದರೆ ಇರಲಿ, ಮೊದಲು ಸಹಿ ಹಾಕಿ.